ಬಿಕ್ಕೆಯ ಬಾಚಣಿಗೆ

ಮರುಳಪ್ಪ ಗುರುಗಳನ್ನು ಕೇಳಿದ: "ನನ್ನ ತಮ್ಮನನ್ನು ನಾನು ಕ್ಷಮಿಸಿದ್ದೇನೆ. ಆದರೂ ಅವನು ಮನೆಗೆ ಬರುತ್ತಿಲ್ಲ. ಯಾಕೆ?"

ತಾಯಿ ಸಾಯುವಾಗ ತಮ್ಮ ಬಂದಿರಲಿಲ್ಲ. ಆ ತಪ್ಪನ್ನು ಮರುಳಪ್ಪ ಊರಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿ, ಅವರ ಎದುರಿಗೇ ಕ್ಷಮಿಸಿದ್ದ. ತಮ್ಮನು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡು ಹೋದವನು ಮತ್ತೆ ಇತ್ತ ಸುಳಿದಿರಲಿಲ್ಲ. ಈಗ ತಾಯಿಯ ವರ್ಷದ ಎಡೆ ಹತ್ತಿರ ಬಂದಿತ್ತು. ಅವನು ಪಕ್ಕದಲ್ಲಿಲ್ಲದೆ ಎಡೆ ಇಡುವುದು ಹೇಗೆಂದು ಮರುಳಪ್ಪನಿಗೆ ಸಂಕಟ. ನನ್ನ ಮನಸ್ಸನ್ನು ಎಷ್ಟೋ ಸಲ ತಡವಿ ನೋಡಿಕೊಂಡಿದ್ದೇನೆ, ಒಳಗೆ ಎಲ್ಲೂ ಕಸರು ಉಳಿದಿಲ್ಲ ಎಂದೂ ಅವನು ಹೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಾಚಣಿಗೆ ಮಾಡುವವನಿದ್ದ. ಅವನ ಮನೆಯ ಹಿಂದಿನ ಕಲ್ಲುಗುಡ್ಡದ ತುಂಬ ಬಿಕ್ಕೆ ಗಿಡಗಳು. ಬಿಕ್ಕೆ ನಿಧಾನವಾಗಿ ಬೆಳೆಯುತ್ತದೆ, ಸೊಟ್ಟಗೆ ಬೆಳೆಯುತ್ತದೆ. ಆದರೆ ಅದರ ಮರ ದಂತದ ಹಾಗೆ ನುಣುಪು. ಎಷ್ಟು ಸಣ್ಣ ಹಲ್ಲು ಕೊಯ್ದರೂ ಸೀಳು ಬಿಡುವುದಿಲ್ಲ. ಅವನು ಹಲ್ಲು ಕೊಯ್ದು, ಗರಗತ್ತಿಯ ಒರಟು ಎಲೆಯಿಂದ ಒಂದೊಂದು ಹಲ್ಲಿನ ಸಂದನ್ನೂ ಉಜ್ಜಿ ನಯ ಮಾಡುತ್ತಿದ್ದ. ಆ ಕಸುಬಿನವರದು ಒಂದು ಕಟ್ಟಳೆ. ಬಾಚಣಿಗೆಯನ್ನು ಸಂತೆಗೆ ಒಯ್ಯುವ ಮೊದಲು ಮಾಡಿದವನೇ ತನ್ನ ತಲೆಯಲ್ಲಿ ಎಳೆದು ನೋಡಬೇಕು. ಕೂದಲು ಹಿಡಿದರೆ ಮುರಿದು ಒಲೆಗೆ ಹಾಕಬೇಕು. ಅದಕ್ಕೆಂದೇ ಅವರಲ್ಲಿ ಗಂಡಸರೂ ಜುಟ್ಟು ಬಿಡುತ್ತಿದ್ದರು.

ಅವನಿಗೆ ವಯಸ್ಸಾಯಿತು. ಕಣ್ಣು ಮಂಜಾಯಿತು. ಜುಟ್ಟು ಉದುರಿ ತಲೆ ಬೋಳಾಯಿತು. ಕಟ್ಟಳೆಯನ್ನು ಮಾತ್ರ ಅವನು ಬಿಡಲಿಲ್ಲ. ಪ್ರತಿ ಬಾಚಣಿಗೆಯನ್ನೂ ಬೋಳುತಲೆಯ ಮೇಲೆ ಎಳೆದು ನೋಡುತ್ತಿದ್ದ. ಒಂದೂ ಹಿಡಿಯುತ್ತಿರಲಿಲ್ಲ. ಕೈ ಈಗ ಪಳಗಿದೆ ಎಂದುಕೊಂಡ.

ಒಂದು ಸಂತೆಯಲ್ಲಿ ನೇಕಾರರ ಹೆಂಗಸೊಬ್ಬಳು ಬಾಚಣಿಗೆಯನ್ನು ಹಿಂದಕ್ಕೆ ತಂದಳು. ಹಲ್ಲುಗಳ ನಡುವೆ ಅವಳ ಕೂದಲು ಗುಂಜಾಗಿ ಸಿಕ್ಕಿತ್ತು. ಅವನು ಅದನ್ನು ಬಿಡಿಸಿ, ಅವಳ ಎದುರಿಗೇ ತಲೆಯ ಮೇಲೆ ಎಳೆದು, ಎಲ್ಲಿ ಹಿಡಿಯುತ್ತದೆ ತೋರಿಸು ಎಂದ. ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಮುಂದಿನ ಸಂತೆಗಳಲ್ಲಿ ಬಾಚಣಿಗೆ ಹಿಂದಕ್ಕೆ ಬರುವುದೂ ನಿಂತಿತು, ಕೊಳ್ಳುವವರೇ ಇರಲಿಲ್ಲ.

ಅವನು ಮರದ ಮೇಲೆ ಅನುಮಾನಪಟ್ಟ. ಅಂಟು ಸುರಿಸುವ ಗಿಡ್ಡ ಬಿಕ್ಕೆಯದು ಒರಟು ನಾರು ಎಂದು ದೊಡ್ಡೆಲೆಯ ಬಿಕ್ಕೆಯನ್ನು ಕಡಿದ. ಅದೂ ಸರಿಯಿಲ್ಲವೆಂದು ಬಂಡೆಯ ಸಂದಿನ ಮುಳ್ಳುಬಿಕ್ಕೆಗೆ ಕೈ ಹಾಕಿದ. ಗುಡ್ಡ ಬೋಳಾಗುತ್ತ ಬಂತು. ಬೇಸಿಗೆಯ ಸಂಜೆ ಬಿಳಿಯಾಗಿ ಅರಳಿ ಮರುದಿನ ಹಳದಿಗೆ ತಿರುಗುವ ಆ ಹೂವಿನ ವಾಸನೆ ಊರಿಗೆ ಬರುವುದು ನಿಂತಿತು. ಕೊನೆಗೆ ಒಂದೇ ಮರ ಉಳಿಯಿತು. ಅದೂ ಕೈಕೊಟ್ಟರೆ ಕಸುಬು ಮುಗಿಯಿತು ಎಂದು ಅವನಿಗೆ ಗೊತ್ತಿತ್ತು.

ಅವನು ಕೊಡಲಿ ಹಿಡಿದು ಹೊರಟಾಗ ಹೆಂಡತಿ ಹೊಸ್ತಿಲ ಮೇಲೆ ಕೂತು ತುರುಬು ಬಿಚ್ಚಿದಳು. ಅವಳು ಮದುವೆಯಲ್ಲಿ ಬಂದ ಹಳೆಯ ಬಾಚಣಿಗೆಯನ್ನೇ ಅಷ್ಟು ವರ್ಷವೂ ಬಳಸುತ್ತಿದ್ದವಳು. ಈಗ ಅವನು ಮಾಡಿದ ಹೊಸತೊಂದನ್ನು ಅವನ ಕೈಗಿಟ್ಟು, ಬಾಚಿ ಹೋಗು ಎಂದಳು. ಅವನು ನೆತ್ತಿಯಿಂದ ಎಳೆದ. ಬಾಚಣಿಗೆ ನಡುವೆ ನಿಂತಿತು. ಜೋರಾಗಿ ಎಳೆದ. ಅವಳ ಕಣ್ಣಲ್ಲಿ ನೀರು ಬಂತು. ಕೂದಲು ಕಿತ್ತು ಅವನ ಕೈಗೆ ಬಂತು.

"ಮರದ್ದೇನು ತಪ್ಪೈತಿ, ಮಾರಾಯ? ನಿನ್ನ ತಲಿಯಾಗ ಸಿಗಬೀಳಾಕ ಏನೈತಿ?" ಎಂದಳು.

ಅವನು ಕೊಡಲಿಯನ್ನು ಗೋಡೆಗೆ ಒರಗಿಸಿದ. ಅಂದಿನಿಂದ ಬಾಚಣಿಗೆ ಮೊದಲು ಅವಳ ಕೈಗೆ ಹೋಗುತ್ತಿತ್ತು. ಮೊದಮೊದಲು ಸಂತೆಗೆ ಹೋದದ್ದಕ್ಕಿಂತ ಅವಳು ಮುರಿದು ಒಲೆಗೆ ಹಾಕಿದ್ದೇ ಹೆಚ್ಚು.

ಕತೆ ಮುಗಿಯಿತು. ಮರುಳಪ್ಪನಿಗೆ ನಗು ತಡೆಯಲಾಗಲಿಲ್ಲ. ಬೋಳುತಲೆ ಬಾಚಿಕೊಂಡು ಕೂತವನಿಗೆ ಅಷ್ಟೂ ಹೊಳೆಯಬಾರದೇ ಎಂದ. ಅವನ ನಗು ತಾನಾಗಿ ನಿಲ್ಲುವವರೆಗೂ ಗುರುಗಳು ಕಾದರು. ಆಮೇಲೆ ಕೇಳಿದರು:

"ಕಟ್ಟೆಯ ಮೇಲೆ ನೀನು ಕ್ಷಮಿಸುವಾಗ, ನಿನ್ನ ತಮ್ಮನಿಗೆ ಎಷ್ಟು ನೋಯಿತು?"