ಇರುಸಿನ ಸುತ್ತ ಕೂದಲೆಳೆ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆ ಎರೆದು, ಅರ್ಧ ರಾಜ್ಯ ಕೊಡಲಾಗುವುದು. ತಪ್ಪಿದವನ ತಲೆಯನ್ನು ಅಮಾವಾಸ್ಯೆಯ ದಿನ ತೆಗೆಯಲಾಗುವುದು!" ಎಂದು ಊರೂರಲ್ಲಿ ಡಂಗುರ ಹೊಡೆಸಿದರು.

ಗಾಡಿ ಹೊಡೆಯುವ ದುಗ್ಗಪ್ಪನಿಗೆ ರಾಜ್ಯದ ಆಸೆ ಇರಲಿಲ್ಲ. ಆದರೆ ಅವನ ಅಣ್ಣ ಮೈಲಾರಿ ಮೀಸೆ ತಿರುವಿಕೊಂಡು ಹೋಗಿ, ಉತ್ತರ ತಪ್ಪಿ, ಸೆರೆಮನೆ ಸೇರಿದ್ದ. ನಾಳೆಯೇ ಅಮಾವಾಸ್ಯೆ. ಒಗಟು ಗೆದ್ದು ಅಣ್ಣನನ್ನು ಬಿಡಿಸಲೇಬೇಕೆಂದು ದುಗ್ಗಪ್ಪ ಗಾಡಿ ಕಟ್ಟಿಕೊಂಡು ಅರಮನೆಗೆ ಬಂದ.

ರಾಜಕುಮಾರಿ ಚಂದಲದೇವಿ ಮೊದಲನೆಯದನ್ನು ಕೇಳಿದಳು. "ಅಕ್ಕಪಕ್ಕದ ಮಕ್ಕಳಿಬ್ಬರೂ ಗಿರಗಿರ ತಿರುಗುತ್ತಾರೆ. ನಡುವಿನ ತಾಯಿ ಒಂದು ಸುತ್ತೂ ತಿರುಗುವುದಿಲ್ಲ. ಆದರೂ ಮಕ್ಕಳ ಜೊತೆಗೇ ಊರು ಸೇರುತ್ತಾಳೆ. ಯಾರವಳು?"

"ಭೂಮಿ" ಎಂದ ಸಾಲಿನಲ್ಲಿ ಮುಂದೆ ನಿಂತಿದ್ದ ಒಬ್ಬ ರಾಜಕುಮಾರ. "ಮಹಾರಾಣಿಯವರು" ಎಂದ ಬೆಣ್ಣೆ ಮಾತಿನ ಇನ್ನೊಬ್ಬ. ಇಬ್ಬರನ್ನೂ ಭಟರು ಎಳೆದೊಯ್ದರು. ದುಗ್ಗಪ್ಪ ಮುಂದೆ ಬಂದ.

"ಗಾಡಿಯ ಇರುಸು, ತಾಯಿ. ಅದರ ಎರಡು ತುದಿಯಲ್ಲೂ ಚಕ್ರ ತಿರುಗುತ್ತೆ, ಅದು ತಿರುಗಲ್ಲ."

"ಸರಿ, ಎರಡನೆಯದು. ಬಾಗಿಲು ಕಾಯುವ ಬೆರಳುದ್ದದ ಆಳು. ಅವನು ಜಾರಿದರೆ ಒಡೆಯನೇ ಮಣ್ಣು ಮುಕ್ಕುತ್ತಾನೆ."

"ಇರುಸಿನ ತುದಿಗೆ ಹೊಡೆಯೋ ಕಡಾಣಿ. ಅದು ಬಿದ್ದರೆ ಚಕ್ರ ಕಳಚಿಕೊಳ್ಳುತ್ತೆ."

ರಾಜಕುಮಾರಿ ಮುಂದಕ್ಕೆ ಬಾಗಿದಳು. "ಅದಕ್ಕೆ ತೂಕವಿಲ್ಲ, ಬಣ್ಣವಿಲ್ಲ. ಕೂದಲೆಳೆಯಷ್ಟಿದ್ದರೆ ಪಯಣ, ಹೆಚ್ಚಿದರೆ ಒದ್ದಾಟ, ಇಲ್ಲದಿದ್ದರೆ ಬೆಂಕಿ. ಏನದು?"

ದುಗ್ಗಪ್ಪ ಮನಸ್ಸಿನಲ್ಲೇ ಗಾಡಿಯನ್ನೆಲ್ಲ ತಡಕಾಡಿದ. ಕೀಲೆಣ್ಣೆಯೇ? ಅದಕ್ಕೆ ತೂಕವೂ ಉಂಟು, ಬಣ್ಣವೂ ಉಂಟು. ಬೆಂಕಿ ಎಂಬ ಮಾತಿನಿಂದ ಅವನಿಗೆ ಅಕ್ಕನ ಮದುವೆ ದಿಬ್ಬಣ ನೆನಪಾಯಿತು. ಗಾಡಿ ಕಿರುಗುಟ್ಟಬಾರದೆಂದು ಅವನು ಇರುಸಿಗೂ ಚಕ್ರಕ್ಕೂ ನಡುವೆ ಹಳೆ ಬಟ್ಟೆ ತುರುಕಿದ್ದ. ಅರ್ಧ ದಾರಿಯಲ್ಲಿ ಹೊಗೆ ಎದ್ದು ಚಕ್ರ ಕಚ್ಚಿಕೊಂಡಿತು, ಮದುಮಗಳು ನಡೆದೇ ಹೋದಳು. ಅಂದಿನಿಂದ ಮೈಲಾರಿ ಅವನನ್ನು 'ಹೊಗೆ ದುಗ್ಗ' ಎಂದೇ ಕರೆಯುತ್ತಿದ್ದ.

ದುಗ್ಗಪ್ಪ ನಕ್ಕೇಬಿಟ್ಟ. "ಸಂದು, ತಾಯಿ! ಇರುಸಿಗೂ ಚಕ್ರಕ್ಕೂ ನಡುವಿನ ಸಂದು. ಜಾಸ್ತಿ ಆದರೆ ಚಕ್ರ ಓಲಾಡುತ್ತೆ. ಮುಚ್ಚಿಬಿಟ್ಟರೆ ಉಜ್ಜಿ ಉಜ್ಜಿ ಉರಿಯುತ್ತೆ. ನಾನೇ ಉರಿಸಿದ್ದೀನಿ!"

ಸಭೆ ಚಪ್ಪಾಳೆಯಿಂದ ತುಂಬಿತು. ರಾಜಕುಮಾರಿಯ ಮುಖ ಅರಳಿತು. "ಗಾಡಿಯಲ್ಲಿ ಕುಳಿತು ಬರುವವರನ್ನು ನೋಡಿ ಸಾಕಾಗಿತ್ತು. ಇಳಿದು ಬಗ್ಗಿ ನೋಡುವವನು ಬೇಕಿತ್ತು. ಏನು ಬೇಕೋ ಕೇಳು."

"ಮೊದಲು ಸೆರೆಮನೆ ಬಾಗಿಲು ತೆಗೆಸಿ. ಒಬ್ಬರ ತಲೆಯೂ ಹೋಗಬಾರದು."

ಎಲ್ಲರೂ ಬಿಡುಗಡೆಯಾದರು. ಧಾರೆಯೂ ಆಯಿತು. ಮೆರವಣಿಗೆಗೆ ರಥ ಬೇಡವೆಂದು ಚಂದಲದೇವಿ ದುಗ್ಗಪ್ಪನ ಗಾಡಿಯನ್ನೇ ಹತ್ತಿದಳು. ಮೈಲಾರಿ ತಮ್ಮನನ್ನು ತಬ್ಬಿಕೊಂಡು ಗಳಗಳನೆ ಅತ್ತ. ಆಮೇಲೆ ಕಣ್ಣೊರೆಸಿಕೊಂಡು, ಬಗ್ಗಿ ಇರುಸನ್ನು ನೋಡಿದ.

"ಬಟ್ಟೆ ತುರುಕಿಲ್ಲ ತಾನೇ, ದುಗ್ಗ?"

ರಾಜಬೀದಿಯ ಉದ್ದಕ್ಕೂ ಗಾಡಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಾ ಹೋಯಿತು.