ಕೊಪ್ಪರಿಗೆಯ ಕಲಾಯಿ

ಹೊಳೆಯ ದಂಡೆಯ ಮೇಲೆ ಹಾಲಯ್ಯನವರ ಆಶ್ರಮವಿತ್ತು. ಅಲ್ಲಿ ಪಾಠ ಹಿಂದೆಮುಂದೆ ಆಗುತ್ತಿತ್ತು, ಊಟ ಮಾತ್ರ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಅದಕ್ಕೆ ಕಾರಣ ಹಾಲಯ್ಯನವರಲ್ಲ, ಅಡುಗೆಯ ನೀಲಮ್ಮ.

ನೀಲಮ್ಮ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಆಶ್ರಮಕ್ಕೆ ಬಂದಾಕೆ. ಈಗ ಆಕೆಯ ತಲೆ ಪೂರಾ ನೆರೆತಿತ್ತು. ಆ ಅಡುಗೆಮನೆ ಬಿಟ್ಟರೆ ತನ್ನದು ಅನ್ನುವ ಜಾಗ ಆಕೆಗೆ ಎಲ್ಲೂ ಇರಲಿಲ್ಲ.

ಶಿಷ್ಯರಲ್ಲಿ ಸೋಮಲಿಂಗ ಜಾಣ. ಪೇಟೆಯ ಪಾಠಶಾಲೆಯಲ್ಲಿ ತರ್ಕ ಓದಿಕೊಂಡು ಆಗ ತಾನೇ ವಾಪಸು ಬಂದಿದ್ದ. ಬಂದವನೇ ಗುರುಗಳಿಗೆ ಅಡ್ಡಬಿದ್ದು ಹೇಳಿದ:

"ಬುದ್ಧಿ, ಒಂದು ವ್ರತ ಹಿಡಿದಿದ್ದೀನಿ."

"ಉಪವಾಸವಾ?" ಹಾಲಯ್ಯನವರು ಸ್ವಲ್ಪ ಆಸೆಯಿಂದಲೇ ಕೇಳಿದರು. ಸೋಮಲಿಂಗ ಉಣ್ಣುವುದರಲ್ಲೂ ಎಲ್ಲರಿಗಿಂತ ಮುಂದಿದ್ದ.

"ಅಲ್ಲ ಬುದ್ಧಿ. ಇನ್ನು ಮೇಲೆ ನನ್ನ ಮಾತಿಗೆ ಕಲಾಯಿ ಇರೋದಿಲ್ಲ. ಇದ್ದದ್ದು ಇದ್ದ ಹಾಗೆ."

"ಕಲಾಯಿ ಅಂದ್ರೆ ಏನಪ್ಪಾ?"

ಸೋಮಲಿಂಗ ಇಂಥ ಪ್ರಶ್ನೆಗೇ ಕಾದಿದ್ದ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

"ಅದು ಅರಬ್ಬರ ಮಾತು, ಬುದ್ಧಿ. ತವರಕ್ಕೆ ಅವರು ಇಟ್ಟ ಹೆಸರು. ಹಡಗಿನಲ್ಲಿ ತವರ ಬಂತು, ಅದರ ಜೊತೆ ಮಾತೂ ಬಂತು. ಸಂತೆಯಿಂದ ಸಂತೆಗೆ ಸುತ್ತಿ ಕೊನೆಗೆ ನಮ್ಮ ಅಡುಗೆಮನೆ ಸೇರ್ತು. ತಾಮ್ರದ ಪಾತ್ರೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ತವರ ಬಳಿದರೆ ಬೆಳ್ಳಿ ಹಾಗೆ ಹೊಳೆಯುತ್ತೆ. ಆದರೆ ಬೆಳ್ಳಿ ಅಲ್ಲ. ಅದಕ್ಕೇ ಪೇಟೆಯಲ್ಲಿ ನಮ್ಮ ಪಂಡಿತರು ತೋರಿಕೆಯ ಮನುಷ್ಯನನ್ನ ಬರೀ ಕಲಾಯಿ ಅಂತ ಬೈಯೋರು. ಒಳಗೊಂದು, ಹೊರಗೊಂದು."

"ಭೇಷ್. ಇದನ್ನೆಲ್ಲ ಎಲ್ಲಿ ನೋಡಿದೆ?"

"ನಿಘಂಟಿನಲ್ಲಿ, ಬುದ್ಧಿ."

"ಅಲ್ಲಿ ಪಾತ್ರೆ ಇತ್ತಾ?"

ಸೋಮಲಿಂಗ ನೆನಪು ಮಾಡಿಕೊಂಡ. "ಪಾತ್ರೆ ಅನ್ನೋ ಪದ ಇತ್ತು."

"ಸರಿ, ಊಟಕ್ಕೆ ಏಳು," ಎಂದರು ಗುರುಗಳು.

ಅಂದಿನ ಊಟಕ್ಕೆ ಅನ್ನ, ಹುಳಿ. ಹಾಲಯ್ಯನವರು ಎಂದಿನಂತೆ ಪಕ್ಕದಲ್ಲಿ ದೊಡ್ಡ ಚೊಂಬು ಇಟ್ಟುಕೊಂಡು, ಒಂದು ತುತ್ತು ಉಂಡು ಒಂದು ಗುಟುಕು ನೀರು ಕುಡಿದರು. ಚೊಂಬು ಖಾಲಿಯಾದಾಗ ಮತ್ತೆ ತುಂಬಿಸಿಕೊಂಡರು. ಗುರುಗಳಿಗೆ ಪಿತ್ತ ಜಾಸ್ತಿ ಎಂದು ಶಿಷ್ಯರೆಲ್ಲ ನಂಬಿದ್ದರು.

ಸೋಮಲಿಂಗನ ವ್ರತ ಸಂಜೆಗೇ ಶುರುವಾಯಿತು. ಭಜನೆ ಹೇಳಿಕೊಡುವ ಗೌರೀಶಪ್ಪನಿಗೆ ಅವನು, "ನೀವು ಬಾಯಿ ತೆರೆದರೆ ಆಚೆ ದಡದ ಕತ್ತೆ ಉತ್ತರ ಕೊಡುತ್ತೆ, ಗಮನಿಸಿದ್ದೀರಾ?" ಎಂದ. ಗೌರೀಶಪ್ಪ ತಾಳ ಕೆಳಗಿಟ್ಟು ಮನೆಗೆ ಹೋದ. ಕತ್ತೆಗೂ ಅಂದಿನಿಂದ ಬಿಡುವಾಯಿತು.

ಮಾರನೆಯ ದಿನ ಅವನು ಅಡುಗೆಮನೆಗೆ ಹೋದ.

"ನೀಲಮ್ಮಾರೆ, ನಿಮ್ಮ ಹುಳಿ ಬಾಯಿಗೆ ಇಡೋ ಹಾಗಿಲ್ಲ. ಬರೀ ಉಪ್ಪು. ನಿಮ್ಮ ನಾಲಿಗೆಗೆ ರುಚಿ ತಿಳಿಯೋದು ನಿಂತುಹೋಗಿದೆ. ಎಲ್ಲರೂ ಸುಳ್ಳು ಹೇಳಿಕೊಂಡು ಉಣ್ತಿದ್ದಾರೆ. ಇದು ನಿಜ, ಕಲಾಯಿ ಇಲ್ಲದ ಮಾತು."

ನಿಜವೇ ಆಗಿತ್ತು. ಅದೇ ತೊಂದರೆ.

ನೀಲಮ್ಮ ಜಗಳವಾಡಲಿಲ್ಲ. ಒಲೆಯ ಬೂದಿ ಬಳಿದು, ನೆಲ ಸಾರಿಸಿ, ತನ್ನೆರಡು ಸೀರೆಗಳನ್ನು ಗಂಟು ಕಟ್ಟಿದಳು. ನಾಳೆ ಹುಣ್ಣಿಮೆ, ಸುತ್ತಲ ಹಳ್ಳಿಗಳವರು ದಾಸೋಹಕ್ಕೆ ಬರುವ ದಿನ. ನಾಳೆಯ ಗಾಡಿಗೇ ದೂರದ ನೆಂಟರ ಊರಿಗೆ ಹೊರಟುಬಿಡುವುದೆಂದು ಆಕೆ ತೀರ್ಮಾನಿಸಿದ್ದಳು. ಆ ನೆಂಟರು ಬದುಕಿದ್ದಾರೋ ಇಲ್ಲವೋ ಆಕೆಗೇ ಗೊತ್ತಿರಲಿಲ್ಲ.

ಹಾಲಯ್ಯನವರು ಶಿಷ್ಯನನ್ನು ಕರೆಸಿದರು.

"ನೀಲಮ್ಮ ಹೊರಟಿದ್ದಾಳೆ."

"ನಾನು ಸುಳ್ಳು ಹೇಳಲಿಲ್ಲ, ಬುದ್ಧಿ."

"ಹೇಳಲಿಲ್ಲ. ನಾಳೆ ಅಡುಗೆ ನಿನ್ನದು."

ಸೋಮಲಿಂಗ ಹೆದರಲಿಲ್ಲ. ಬೇಳೆ ಬೇಯಿಸಲು ತರ್ಕ ಓದಿದವನಿಗೆ ಏನು ಕಷ್ಟ? ಬೆಳಗ್ಗೆ ಬೇಗ ಎದ್ದು ದಾಸೋಹದ ತಾಮ್ರದ ಕೊಪ್ಪರಿಗೆಯ ಮುಂದೆ ನಿಂತ. ಅದರೊಳಗೆ ಇಳಿದು ಕೂರಬಹುದಿತ್ತು, ಅಷ್ಟು ದೊಡ್ಡದು. ಹೊರಗೆಲ್ಲ ಮಸಿ. ಬಗ್ಗಿ ಒಳಗೆ ನೋಡಿದ. ಬೆಳ್ಳಗೆ ಹೊಳೆಯುತ್ತಿತ್ತು.

"ಇಲ್ಲೂ ಕಲಾಯಿ," ಎಂದ ಸೋಮಲಿಂಗ. ಅವನಿಗೆ ಸಿಟ್ಟೇ ಬಂತು.

ಇಟ್ಟಿಗೆ ಪುಡಿ, ಮರಳು, ಹುಣಸೆಹಣ್ಣು ಹಾಕಿಕೊಂಡು, ಕೊಪ್ಪರಿಗೆಯೊಳಗೆ ಇಳಿದು ಕೂತು ಉಜ್ಜಿದ. ಹಟ ಹಿಡಿದು ಕೆರೆದ. ತೋಳು ಸೋತರೂ ಬಿಡಲಿಲ್ಲ. ಕಡೆಗೆ ಒಳಗಿನ ತಾಮ್ರವೆಲ್ಲ ಕೆಂಪಗೆ, ಅಪ್ಪಟವಾಗಿ ಕಂಡಾಗ ಅವನಿಗೆ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಇಟ್ಟಿಗೆ ಪುಡಿಗೆ.

ಆಮೇಲೆ ಅದರಲ್ಲೇ ಹುಳಿ ಮಾಡಿದ. ಉಪ್ಪು ಅಳೆದು ಹಾಕಿದ. ಹುಣಸೆಹಣ್ಣು ಮಾತ್ರ ಕೈ ಬಿಚ್ಚಿ ಹಾಕಿದ. ಹುಳಿ ಅದರಲ್ಲೇ ಇರಲಿ ಎಂದು ಮುಚ್ಚಿಟ್ಟು, ಸ್ನಾನಕ್ಕೆ, ಪೂಜೆಗೆ ಹೋದ. ಅಂದು ಪೂಜೆ ತುಸು ಉದ್ದವಾಯಿತು, ತನ್ನನ್ನು ತಾನೇ ಮೆಚ್ಚಿಕೊಳ್ಳುವುದೂ ಅದರಲ್ಲಿ ಸೇರಿತ್ತು.

ಮಧ್ಯಾಹ್ನ ಪಂಕ್ತಿ ಕೂತಿತು. ಎಲೆಗೆ ಅನ್ನ ಬಿತ್ತು. ಸೋಮಲಿಂಗ ಹುಳಿಯ ಬಕೆಟ್ಟು ಎತ್ತಿದ.

"ತಾಳು," ಎಂದರು ಹಾಲಯ್ಯನವರು. "ಮಾಡಿದವರು ಮೊದಲು ರುಚಿ ನೋಡಬೇಕು. ನೀಲಮ್ಮ ಹಾಗೇ ಮಾಡ್ತಿದ್ದಳು."

ಸೋಮಲಿಂಗ ಸೌಟಿಗಾಗಿ ಹುಡುಕಿದ. ಸಿಗಲಿಲ್ಲ. ಒಂದು ಬಟ್ಟಲಿನಲ್ಲಿ ಎತ್ತಿಕೊಂಡು ಧೈರ್ಯವಾಗಿ ಬಾಯಿಗೆ ಸುರಿದುಕೊಂಡ.

ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಚಿತು. ಪಂಕ್ತಿಯ ಮಧ್ಯದಿಂದ ಓಡಿಹೋಗಿ ಹಿತ್ತಿಲ ಬಾಳೆಯ ಬುಡದಲ್ಲಿ ಬಗ್ಗಿದ.

ಬಾಗಿಲಲ್ಲಿ ಗಂಟು ಹಿಡಿದು ಗಾಡಿಗೆ ಕಾಯುತ್ತಿದ್ದ ನೀಲಮ್ಮ ಬಕೆಟ್ಟಿನೊಳಗೆ ಇಣುಕಿದಳು. ಮೂಗಿಗೆ ವಾಸನೆ ಹೊಡೆಯಿತು. ನಾಲಿಗೆ ಹೋಗಿದ್ದರೂ ಮೂಗು ಗಟ್ಟಿಯಾಗಿತ್ತು.

"ಯಾರೂ ಮುಟ್ಟಬೇಡಿ, ಹುಳಿಗೆ ತಾಮ್ರದ ಕಿಲುಬು ಇಳಿದಿದೆ," ಎಂದಳು. ಗಂಟು ಕೆಳಗಿಟ್ಟು ತಾನೇ ಆ ಬಕೆಟ್ಟು ಎತ್ತಿಕೊಂಡು ಹೋಗಿ ಗುಂಡಿಗೆ ಸುರಿದಳು, ಕೊಪ್ಪರಿಗೆಯಲ್ಲಿ ಉಳಿದದ್ದನ್ನೂ ಚೆಲ್ಲಿಸಿದಳು. ಬಂದವರಿಗೆ ಅಂದು ಮಜ್ಜಿಗೆ ಅನ್ನವೇ ಗತಿಯಾಯಿತು. ಪಾಪ, ಯಾರೂ ಗೊಣಗಲಿಲ್ಲ.

ಸೋಮಲಿಂಗ ಬಾಯಿ ತೊಳೆದುಕೊಂಡು ಬಂದು ಕಂಬಕ್ಕೆ ಒರಗಿ ಕೂತ. ಗುರುಗಳು ಅವನ ಮುಂದೆ ನೀರಿನ ಚೊಂಬು ಇಟ್ಟರು.

"ಬೇಳೆ ಕೆಟ್ಟಿತ್ತಾ?"

"ಇಲ್ಲ ಬುದ್ಧಿ. ಒಳ್ಳೇ ಬೇಳೆ."

"ಹುಣಸೆಹಣ್ಣು?"

"ಹೊಸದು."

"ತಾಮ್ರ?"

"ಅಪ್ಪಟ ತಾಮ್ರ ಬುದ್ಧಿ. ನಾನೇ ಕೆರೆದು ನೋಡಿದೆ."

"ಎಲ್ಲಾ ಅಪ್ಪಟವಾದದ್ದೇ. ಮತ್ತೆ ಯಾಕಯ್ಯಾ ವಿಷ ಆಯ್ತು?"

ಸೋಮಲಿಂಗ ತಲೆ ತಗ್ಗಿಸಿದ. "ಕಲಾಯಿ ಹೋಗಿತ್ತು."

"ಕಲಾಯಿ ಎಲ್ಲಿತ್ತು, ಒಳಗೋ ಹೊರಗೋ?"

"ಒಳಗೆ."

"ಹೊರಗೆ?"

"ಮಸಿ."

"ತೋರಿಕೆಗೆ ಅಂತಿದ್ರೆ ಮಸಿ ಇರೋ ಕಡೆ ಬಳೀತಿದ್ರು. ಬೇಳೆ ಮುಳುಗೋ ಕಡೆ ಬಳಿದು, ಯಾರಿಗೆ ತೋರಿಸೋಕೆ?"

ಸೋಮಲಿಂಗ ಚೊಂಬಿನ ನೀರು ಕುಡಿದು ಕೆಳಗಿಟ್ಟ.

"ಬುದ್ಧಿ, ನೀಲಮ್ಮಾರ ಹತ್ತಿರ ಹೋಗಿ ಹುಳಿ ಚೆನ್ನಾಗಿತ್ತು ಅಂತ ಹೇಳಲಾ?"

"ಸುಳ್ಳು ಹೇಳೋಕೆ ಇಷ್ಟು ದೂರ ಓದಿ ಬಂದೆಯಾ?"

"ಹಾಗಾದ್ರೆ ಏನು ಹೇಳಲಿ?"

"ನಿಜವೂ ಹುಳಿಯಂಥದ್ದೇ. ಹುಳಿಯೇ ಹಾಕು, ಪಾತ್ರೆಗೆ ಕಲಾಯಿ ಇದೆಯಾ ನೋಡಿಕೋ."

ಹೊರಗೆ ಗಾಡಿಯ ಗಂಟೆ ಕೇಳಿಸಿತು. ನೀಲಮ್ಮ ಗಂಟು ಎತ್ತಿಕೊಳ್ಳುತ್ತಿದ್ದಳು. ಸೋಮಲಿಂಗ ಓಡಿಹೋಗಿ ಎದುರು ನಿಂತ. ವಾದದಲ್ಲಿ ಯಾರಿಗೂ ಸೋಲದ ಬಾಯಿ ಈಗ ತೊದಲಿತು.

"ಅಮ್ಮಾ, ಉಪ್ಪು ಜಾಸ್ತಿ ಆಗ್ತಿದ್ದದ್ದು ನಿಜ."

ನೀಲಮ್ಮ ಮುಖ ತಿರುಗಿಸಿದಳು.

"ನಿಮ್ಮ ಕೈ ಸೋತಿಲ್ಲ. ನಾಲಿಗೆ ಮಾತ್ರ ಸೋತಿದೆ. ದಿನಾ ನಾನು ಒಲೆ ಪಕ್ಕ ಕೂತ್ಕೋತೀನಿ. ನೀವು ಅಡುಗೆ ಮಾಡಿ, ನಾನು ನಾಲಿಗೆ ಚಾಚ್ತೀನಿ. ನೀವು ಹೋದರೆ ನಾವು ಯಾರೂ ಬದುಕೋದಿಲ್ಲ. ಇವತ್ತು ನಾನೇ ಸಾಯ್ತಿದ್ದೆ."

ಇದೂ ನಿಜವೇ ಆಗಿತ್ತು.

ನೀಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸ್ನಾನವಾಗಿದ್ದರೂ ಅವನ ಉಗುರಿನ ಸಂದಿಯಲ್ಲಿ ಇನ್ನೂ ಇಟ್ಟಿಗೆ ಪುಡಿ ಇತ್ತು.

"ಕೊಪ್ಪರಿಗೆ ಒಳಗೆ ಕೂತು ಕೆರೆದೋನ ನಾಲಿಗೆ ನಂಬಲಾ, ಮರಿ?"

"ಬೇರೆ ನಾಲಿಗೆ ಸಿಗೋ ತನಕ ನಂಬಿ."

ನೀಲಮ್ಮನಿಗೆ ನಗು ಬಂತು. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಕಣ್ಣು ಒರೆಸಿಕೊಂಡಳು. ಅಲ್ಲೇ ಜಗಲಿಯ ಮೇಲೆ ಕೂತು ಗಂಟು ಬಿಚ್ಚಿದಳು. ಎರಡು ಸೀರೆಗಳ ನಡುವಿನಿಂದ ಆಶ್ರಮದ ದೊಡ್ಡ ಸೌಟು ಹೊರಬಂತು.

ಗಾಡಿಯವನು ಸ್ವಲ್ಪ ಹೊತ್ತು ಕಾದು, ಹಾಲಯ್ಯನವರು ಕೊಟ್ಟ ಮಜ್ಜಿಗೆ ಕುಡಿದು ಹೋದ.

ಕಲಾಯಿಯವನು ಊರಿಗೆ ಬರುವವರೆಗೆ ಕೊಪ್ಪರಿಗೆ ಬೋರಲಾಗಿ ಬಿದ್ದಿತ್ತು. ಮಣ್ಣಿನ ಗಡಿಗೆಯಲ್ಲೇ ಹುಳಿ ಆಯಿತು. ಸೋಮಲಿಂಗ ಒಲೆಯ ಪಕ್ಕ ಕೂತು, ಕುದಿಯುವುದನ್ನು ಅವಸರಕ್ಕೆ ನೆಕ್ಕಿ ನಾಲಿಗೆ ಸುಟ್ಟುಕೊಂಡು, "ಸಾಕು ಅಮ್ಮಾ, ಇನ್ನು ಉಪ್ಪು ಬೇಡ," ಎನ್ನುತ್ತಿದ್ದ. ನೀಲಮ್ಮ ಗೊಣಗಿಕೊಂಡೇ ಕೈ ತಡೆಯುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸೋಮಲಿಂಗನ ಕಣ್ಣು ಗುರುಗಳ ಚೊಂಬಿನ ಮೇಲೆ ಬಿತ್ತು. ಊಟ ಮುಗಿಯುತ್ತ ಬಂದಿತ್ತು, ಚೊಂಬು ತುಂಬಿದ ಹಾಗೇ ಇತ್ತು.

"ಬುದ್ಧಿ, ಉಪ್ಪು ಜಾಸ್ತಿ ಅಂತ ಇಷ್ಟು ವರ್ಷವೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀವು ಗುರುಗಳು. ನೀವಾದರೂ ನೀಲಮ್ಮಾರಿಗೆ ಹದವಾಗಿ ಹೇಳಬಹುದಿತ್ತಲ್ಲ?"

ಹಾಲಯ್ಯನವರು ಎಲೆಯ ಕೊನೆಯ ತುತ್ತು ಬಳಿದು ಬಾಯಿಗಿಟ್ಟುಕೊಂಡರು.

"ನನ್ನ ಪಾತ್ರೇಲೂ ಕಲಾಯಿ ಸವೆದಿತ್ತು ಕಣಯ್ಯಾ, ಹೇಳಿದ್ರೆ ಕಿಲುಬೇ ಏಳ್ತಿತ್ತು. ಅದಕ್ಕೇ ನೀರು ಕುಡಿದುಕೊಂಡು ಸುಮ್ಮನಿದ್ದೆ."