ತಟ್ಟೆಯಲ್ಲಿ ಬೆಳೆಯದ್ದು

"ಗುರುಗಳೇ, ತಪ್ಪನ್ನು ತಿದ್ದಿದ ಮೇಲೂ ನಾಚಿಕೆ ಯಾಕೆ ಹೋಗುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಒಬ್ಬ ವೈದ್ಯನಿದ್ದ. ರೋಗಿಗಳ ರಕ್ತ, ಕಫಗಳನ್ನು ತಟ್ಟೆಯಲ್ಲಿಟ್ಟು, ಅದರಲ್ಲಿರುವ ಬ್ಯಾಕ್ಟೀರಿಯವನ್ನು ಬೆಳೆಸಿ, ಸೋಂಕು ಯಾವುದೆಂದು ಹೇಳುವುದು ಅವನ ಕೆಲಸ. ತಟ್ಟೆಯಲ್ಲಿ ಬ್ಯಾಕ್ಟೀರಿಯಕ್ಕೆ ಬೇಕಾದ ಆಹಾರವಿರುತ್ತದೆ. ಅದನ್ನುಂಡು ಬೆಳೆದರೆ ಕಣ್ಣಿಗೆ ಕಾಣುತ್ತದೆ. ಬೆಳೆಯದಿದ್ದರೆ ಐದನೆಯ ದಿನ ತಟ್ಟೆಯನ್ನು ಎಸೆಯುವುದು ಅಲ್ಲಿನ ವಾಡಿಕೆ. ಆದರೆ ಕೆಲವು ಬ್ಯಾಕ್ಟೀರಿಯ ಆ ಆಹಾರವನ್ನು ಮುಟ್ಟುವುದೇ ಇಲ್ಲ. ಇದು ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ತಿಳಿಯಬೇಡ.

ಒಬ್ಬ ಹೆಂಗಸಿಗೆ ಅವಳ ಅಕ್ಕನ ಕಿಡ್ನಿಯನ್ನು ಜೋಡಿಸಿದ್ದರು. ಇನ್ನೊಬ್ಬರ ಅಂಗವನ್ನು ಮೈ ತನ್ನದಲ್ಲವೆಂದು ಕೆಡಿಸಲು ನೋಡುತ್ತದೆ. ಹಾಗಾಗದಿರಲೆಂದು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಅಂಥವರಿಗೆ ಸಣ್ಣ ಸೋಂಕೂ ದೊಡ್ಡದೇ. ಅವಳಿಗೆ ಜ್ವರ ಬಂತು. ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ.

"ಸಾರ್, ಜೀನ್ ಪರೀಕ್ಷೆಗೂ ಕಳಿಸೋಣ್ವಾ?" ಎಂದಳು ಸಹಾಯಕಿ. "ಅದಕ್ಕೆ ಬ್ಯಾಕ್ಟೀರಿಯ ಬೆಳೀಬೇಕು ಅಂತಿಲ್ಲ. ಅದರ ಜೀನಿನ ಚೂರು ಸಿಕ್ರೂ ಗುರುತು ಹತ್ತುತ್ತೆ."

"ಇಪ್ಪತ್ತೆಂಟು ವರ್ಷದಿಂದ ತಟ್ಟೆ ನೋಡ್ತಿದೀನಮ್ಮ. ಈಗ ಹೋಗಿ ಮಷೀನ್ ಹತ್ರ ಹೇಳಿಸ್ಕೋಬೇಕಾ?" ಎಂದು ಅವನು ನಕ್ಕ. 'ಬೆಳೆಯಲಿಲ್ಲ' ಎಂದು ಬರೆಯಬೇಕಾದಲ್ಲಿ 'ಸೋಂಕಿಲ್ಲ' ಎಂದು ಬರೆದ. ಇವೆರಡೂ ಒಂದೇ ಅಲ್ಲ. ಮೊದಲನೆಯದು ತಟ್ಟೆಯ ಸಂಗತಿ, ಎರಡನೆಯದು ಅವಳ ಮೈಯ ಸಂಗತಿ.

ಸೋಂಕಿಲ್ಲವೆಂದ ಮೇಲೆ, ಕಿಡ್ನಿಯನ್ನು ಮೈಯೇ ಒಪ್ಪುತ್ತಿಲ್ಲವೆಂದುಕೊಂಡು ವಾರ್ಡಿನ ವೈದ್ಯರು ರೋಗ ತಡೆಯುವ ಶಕ್ತಿ ತಗ್ಗಿಸುವ ಆ ಮಾತ್ರೆಯನ್ನು ಹೆಚ್ಚಿಸಿದರು. ಜ್ವರ ಏರಿತು. ಹತ್ತನೆಯ ದಿನ ಅವರೇ ಜೀನ್ ಪರೀಕ್ಷೆ ಮಾಡಿಸಿದರು. ಎರಡು ದಿನದಲ್ಲಿ ಬ್ಯಾಕ್ಟೀರಿಯದ ಹೆಸರು ಬಂತು. ಅದು ಆ ತಟ್ಟೆಯಲ್ಲಿ ಬೆಳೆಯುವ ಜಾತಿಯೇ ಆಗಿರಲಿಲ್ಲ. ಸರಿಯಾದ ಔಷಧ ಕೊಟ್ಟರು. ಹೆಂಗಸು ಉಳಿದಳು. ಅಷ್ಟರಲ್ಲಿ ಕಿಡ್ನಿ ಕೆಟ್ಟಿತ್ತು.

ಹೊಸ ವರದಿಗೆ ರುಜು ಹಾಕಿದವನು ಪ್ರಯೋಗಾಲಯದ ಆ ವೈದ್ಯನೇ. ಹಳೆಯ ವರದಿ ತಪ್ಪೆಂದು ಕಡತದಲ್ಲಿ ಬರೆದೂ ಇಟ್ಟ.

ಮರುದಿನ ಕಿಡ್ನಿ ಕೊಟ್ಟ ಅಕ್ಕ ಆ ರುಜು ನೋಡಿ ಅವನನ್ನು ಹುಡುಕಿಕೊಂಡು ಬಂದು ಕೈಮುಗಿದಳು.

"ನೀವು ಕಂಡುಹಿಡಿದಿದ್ದಕ್ಕೆ ಜೀವ ಉಳೀತು ಸಾರ್. ಕಿಡ್ನಿ ಹೋದ್ರೆ ಹೋಗ್ಲಿ ಬಿಡಿ. ಚಿಕ್ಕೋಳಿದ್ದಾಗಿಂದ್ಲೂ ಅಷ್ಟೇ ಅವಳು, ನಾನೇನು ಕೊಟ್ರೂ ಹಾಳು ಮಾಡ್ಕೊಳ್ತಾಳೆ. ಈಗ್ಲೂ ಹಂಗೇ ಬೈದು ಬಂದೆ," ಎಂದು ನಗಲು ನೋಡಿದಳು.

ಅವನ ಮುಖ ಬಿಸಿಯಾಯಿತು. ತಪ್ಪು ತನ್ನದೆಂದು ಹೇಳಿಬಿಡಬೇಕೆಂದು ಬಾಯಿ ತೆರೆದ. ಆದರೆ, "ಹುಷಾರಾಗಿ ನೋಡ್ಕೊಳ್ಳಿ," ಎಂದ. ಅಂದರೆ, ಅಕ್ಕನ ನಮಸ್ಕಾರವನ್ನು ತಾನು ಇಟ್ಟುಕೊಂಡ, ಬೈಗುಳವನ್ನು ತಂಗಿಗೆ ಬಿಟ್ಟ.

ಗುರುಗಳು ನಿಲ್ಲಿಸಿದರು.

"ಆದರೂ ಅವನು ಕಡತದಲ್ಲಿ ಒಪ್ಪಿಕೊಂಡನಲ್ಲ, ಗುರುಗಳೇ," ಎಂದ ಶಿಷ್ಯ.

"ಅವನು ಕಡತಕ್ಕೆ ಹೇಳಿದ, ನಿನ್ನ ತಪ್ಪನ್ನು ನೀನು ಯಾರಿಗೆ ಹೇಳಿದೆ?"